ಅಪ್ಪ ಹೇಳದೆ ಇಟ್ಟುಕೊಂಡ ಮಾತು

ಹೋದ ಸಂಚಿಕೆಯಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೆ. ಹೊರದೇಶಕ್ಕೆ ಹೋಗಿ ನೆಲೆಸಿದ ಮನೆಗಳ ಮಕ್ಕಳು ಬೆಳೆದು, ಮೊದಲ ಸಲ ಯಾರನ್ನೋ ಇಷ್ಟಪಡುವ ಸಿನಿಮಾಗಳನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ ಎಂದು. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಮೀಸಲು. ಮನೆಯೊಳಗಿನ ವಿಷಯಗಳಾದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಹೊಸ ಓದುಗರಿಗೆ ನನ್ನ ಬಗ್ಗೆ ಎರಡು ಮಾತು. 1988ರಲ್ಲಿ ಮದುವೆಯಾಗಿ ನ್ಯೂಜೆರ್ಸಿಯ ಎಡಿಸನ್‌ಗೆ ಹೋದೆ. 26 ವರ್ಷ ಅಲ್ಲೇ ಇದ್ದೆವು. ಮಗಳು ಹುಟ್ಟಿ ಬೆಳೆದದ್ದೂ ಅಲ್ಲೇ. ಈಗ ನಾನು, ನಮ್ಮ ಯಜಮಾನರು ಮೈಸೂರಿನಲ್ಲಿದ್ದೇವೆ.

ಪ್ರಶ್ನೆ: ಮಗ, ಸೊಸೆ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಮೊಮ್ಮಗಳಿಗೆ 16 ವರ್ಷ. ಮೆಕ್ಸಿಕೋ ಕಡೆಯ ಮನೆತನದ ಹುಡುಗನೊಬ್ಬನ ಜೊತೆ ಓಡಾಡುತ್ತಾಳೆ ಎಂದು ಮಗ ಫೋನಿನಲ್ಲಿ ರೇಗಾಡುತ್ತಾನೆ. ಜೂನ್‌ನಲ್ಲಿ ಅವಳೊಬ್ಬಳೇ ಬಂದು ಮೂರು ವಾರ ನನ್ನ ಹತ್ತಿರ ಇರುತ್ತಾಳೆ. ಬುದ್ಧಿ ಹೇಳುವುದಕ್ಕೆ ನನಗೆ ಇಷ್ಟವಿಲ್ಲ. ಜೊತೆಗೆ ಕೂತು ಒಂದು ಸಿನಿಮಾ ನೋಡೋಣ ಅಂತ ಆಸೆ. ಯಾವುದು ನೋಡಲಿ? ನನಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ.
(ಅಜ್ಜಿ, ಶಿವಮೊಗ್ಗ)

ಉತ್ತರ: ಬುದ್ಧಿ ಹೇಳುವುದಕ್ಕೆ ಇಷ್ಟವಿಲ್ಲ ಎಂದಿರಲ್ಲ, ಆ ಮಾತು ಓದಿ ನನಗೆ ಬಹಳ ಸಂತೋಷವಾಯಿತು. ಮೊದಲು 'ಬೆಂಡ್ ಇಟ್ ಲೈಕ್ ಬೆಕ್‌ಹ್ಯಾಮ್' ನೋಡಿ. 2002ರ ಸಿನಿಮಾ, ಗುರಿಂದರ್ ಚಡ್ಡಾ ನಿರ್ದೇಶನ. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಹತ್ತಿರ ಹೌನ್ಸ್‌ಲೋ ಅಂತ ಒಂದು ಬಡಾವಣೆ. ಅಲ್ಲಿನ ಪಂಜಾಬಿ ಮನೆಯ ಹುಡುಗಿ ಜೆಸ್. ಅವಳಿಗೆ ಫುಟ್‌ಬಾಲ್ ಎಂದರೆ ಪ್ರಾಣ. ಅಮ್ಮನಿಗೆ ಮಗಳು ದುಂಡಗೆ ಚಪಾತಿ ಲಟ್ಟಿಸುವುದನ್ನು ಕಲಿಯಬೇಕು. ತಂಡದ ಕೋಚ್ ಜೋ, ಐರಿಶ್ ಹುಡುಗ. ಅವನ ಮೇಲೆ ಅವಳಿಗೆ ಮನಸ್ಸಾಗುತ್ತದೆ. ಅಕ್ಕನ ಮದುವೆಯ ದಿನವೇ ಫೈನಲ್ ಪಂದ್ಯ ಬೀಳುತ್ತದೆ. ಮದುವೆ ಮನೆಯ ಗದ್ದಲ, ನೆಂಟರ ಪಿಸುಮಾತು, ಬೀಗರ ಮುಂದೆ ಮಾನ ಹೋಯಿತು ಎನ್ನುವ ಗಾಬರಿ, ಇದನ್ನೆಲ್ಲ ನಿಮಗೆ ಯಾರೂ ಇಂಗ್ಲಿಷಿನಿಂದ ಬಿಡಿಸಿ ಹೇಳಬೇಕಾಗಿಲ್ಲ.

ಇದರಲ್ಲಿ ಒಂದು ಚಿಕ್ಕ ದೃಶ್ಯವನ್ನು ಮೊಮ್ಮಗಳ ಪಕ್ಕ ಕೂತು ಗಮನಿಸಿ. ಜೆಸ್‌ಗೆ ಕಾಲಿನ ಮೇಲೆ ದೊಡ್ಡ ಸುಟ್ಟ ಗಾಯದ ಕಲೆ ಇದೆ. ಅದನ್ನು ಯಾರಾದರೂ ನೋಡಿಬಿಡುತ್ತಾರೆ ಅಂತ ಚಡ್ಡಿ ಹಾಕಿ ಮೈದಾನಕ್ಕೆ ಇಳಿಯಲು ಹಿಂಜರಿಯುತ್ತಾಳೆ. ಜೋ ಏನೂ ಉಪದೇಶ ಮಾಡುವುದಿಲ್ಲ. ತನ್ನ ಮೊಣಕಾಲಿನ ಆಪರೇಷನ್ ಕಲೆಯನ್ನು ತೋರಿಸುತ್ತಾನೆ, ಅಷ್ಟೆ. ಆ ಹುಡುಗಿಯ ಕಾಲಿನ ಕಲೆ ಮೇಕಪ್ ಅಲ್ಲ. ಪಾತ್ರ ಮಾಡಿದ ಪರ್ಮಿಂದರ್ ನಾಗ್ರಾ ಅವರಿಗೆ ಚಿಕ್ಕಂದಿನಲ್ಲಿ ನಿಜವಾಗಿಯೂ ಆದ ಸುಟ್ಟ ಗಾಯ. ಅದನ್ನೇ ನಿರ್ದೇಶಕಿ ಕಥೆಗೆ ಸೇರಿಸಿದರು. ಹದಿನಾರರ ವಯಸ್ಸಿನ ಪ್ರೀತಿ ಎಂದರೆ ಬಹಳ ಸಲ ಇಷ್ಟೇ ಇರುತ್ತದೆ, ಅಜ್ಜಿ. ಬಚ್ಚಿಟ್ಟುಕೊಂಡದ್ದನ್ನು ತೋರಿಸಿದರೂ ನಗದೆ ಇರುವ ಒಬ್ಬರು ಸಿಕ್ಕಿದರು ಎನ್ನುವ ನೆಮ್ಮದಿ.

ಅದು ಇಷ್ಟವಾದರೆ ಎರಡನೇ ವಾರ 'ದಿ ನೇಮ್‌ಸೇಕ್' ನೋಡಿ. ಮೀರಾ ನಾಯರ್ ನಿರ್ದೇಶನ, 2006ರದ್ದು. ಜುಂಪಾ ಲಾಹಿರಿ ಅವರ ಕಾದಂಬರಿಯಿಂದ ಬಂದ ಕಥೆ. ಕೋಲ್ಕತ್ತಾದ ಅಶಿಮಾ, ಅಶೋಕ್ ಗಂಗೂಲಿ ದಂಪತಿ ನ್ಯೂಯಾರ್ಕಿಗೆ ಹೋಗುತ್ತಾರೆ. ತಬು ಮತ್ತು ಇರ್ಫಾನ್ ಖಾನ್ ಆ ಪಾತ್ರಗಳನ್ನು ಮಾಡಿದ್ದಾರೆ. ಅವರ ಮಗ ಗೋಗೋಲ್ ಬೆಳೆದು ಮ್ಯಾಕ್ಸಿನ್ ಎನ್ನುವ ಬಿಳಿಯರ ಹುಡುಗಿಯನ್ನು ಇಷ್ಟಪಡುತ್ತಾನೆ. ಆದರೆ ಸಿನಿಮಾ ಶುರುವಾಗುವುದು ಅಪ್ಪ ಅಮ್ಮನ ಕಥೆಯಿಂದ. ಹೆಣ್ಣು ನೋಡಲು ಗಂಡಿನ ಕಡೆಯವರು ಬಂದಿದ್ದಾರೆ. ಒಳಗೆ ಮಾತುಕತೆ ನಡೆಯುತ್ತಿದೆ. ಬಾಗಿಲ ಹೊರಗೆ ಹುಡುಗನ ಅಮೆರಿಕಾದ ಶೂ ಇದೆ. ಅಶಿಮಾ ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಆ ಶೂ ಒಳಗೆ ಮೆಲ್ಲಗೆ ಕಾಲಿಡುತ್ತಾಳೆ. ಅವನ ಮುಖವನ್ನು ಇನ್ನೂ ನೋಡಿಲ್ಲ.

ನಾನು ಇದನ್ನು 2007ರಲ್ಲಿ, ಅಮೆರಿಕಾದ ಚಿತ್ರಮಂದಿರಗಳಲ್ಲಿ ಬಂದಾಗ, ಮಗಳ ಜೊತೆ ಕೂತು ನೋಡಿದೆ. ಅವಳಿಗೆ ಆಗ 17. ಆ ತಿಂಗಳುಗಳಲ್ಲಿ ನಮ್ಮಿಬ್ಬರಿಗೆ ಮಾತೇ ಸರಿಯಾಗಿರಲಿಲ್ಲ. ಅಶಿಮಾ ಹೊಸ ಊರಿನ ಅಡುಗೆಮನೆಯಲ್ಲಿ ಒಬ್ಬಳೇ ನಿಂತು, ಡಬ್ಬದಿಂದ ಅಕ್ಕಿಯ ಸೀರಿಯಲ್ ಬಟ್ಟಲಿಗೆ ಸುರಿದುಕೊಂಡು, ಅದಕ್ಕೆ ಕಡಲೆಬೀಜ, ಖಾರದಪುಡಿ ಹಾಕಿ ತಿನ್ನುತ್ತಾಳೆ. ನನಗೆ ಅಲ್ಲೇ ಅಳು ಬಂತು. ಅದು ನಮ್ಮ ಖಾರ ಮಂಡಕ್ಕಿ ಅಲ್ವಾ? 1988ರ ಚಳಿಗಾಲದಲ್ಲಿ ನಾನೂ ಅದನ್ನೇ ಮಾಡಿದ್ದೆ. ಈರುಳ್ಳಿ ಸಣ್ಣಗೆ ಹೆಚ್ಚಿ, ನಿಂಬೆಹಣ್ಣು ಹಿಂಡಿ, ಅಮ್ಮ ಕಟ್ಟಿಕೊಟ್ಟಿದ್ದ ಚಟ್ನಿಪುಡಿ ಕಲಸಿ. ಇವರು ಆಫೀಸಿನಿಂದ ಬರುವಷ್ಟರಲ್ಲಿ ಬಟ್ಟಲು ತೊಳೆದಿಡುತ್ತಿದ್ದೆ. ಊರು ನೆನಪಾಗಿದೆ ಎಂದು ಅವರಿಗೆ ತಿಳಿಯಬಾರದು ಅಂತ.

ಸಿನಿಮಾ ಮುಗಿದು ಕಾರಿನಲ್ಲಿ ಕೂತೆವು. ಮಗಳು ಕಾರು ಶುರು ಮಾಡಲಿಲ್ಲ. "ಅಮ್ಮಾ, ಅಪ್ಪ ನಿನ್ನ ನೋಡೋಕೆ ಬಂದಾಗ ಏನ್ ಹಾಕ್ಕೊಂಡಿದ್ರು?" ಎಂದು ಕೇಳಿದಳು. 17 ವರ್ಷದಲ್ಲಿ ಅವಳು ಅದನ್ನು ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ತಿಳಿನೀಲಿ ಅಂಗಿ, ಜೇಬಿನ ಹತ್ತಿರ ಇಂಕಿನ ಕಲೆ ಎಂದೆ. ಆ ಕಲೆ ನೋಡಿ ನನಗೆ ಭಯ ಕಡಿಮೆಯಾಯಿತು ಎಂದೂ ಹೇಳಿದೆ. ಪಾರ್ಕಿಂಗ್ ಖಾಲಿಯಾಗುವ ತನಕ ಮಾತಾಡಿದೆವು.

ಇಂಗ್ಲಿಷ್ ಬರಲ್ಲ ಎಂದು ಹಿಂಜರಿಯಬೇಡಿ. ಮೊಮ್ಮಗಳಿಗೇ ಹೇಳಿ, ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ವಿವರಿಸು ಅಂತ. ಅವಳ ಕನ್ನಡ ತಡವರಿಸಬಹುದು. ತಿದ್ದಲು ಹೋಗಬೇಡಿ. 'ಅವಳಿಗೆ ಅವನು ಅಂದ್ರೆ ಇಷ್ಟ, ಆದ್ರೆ ಅವರ ಅಪ್ಪಂಗೆ ಹೇಳಕ್ಕೆ ಭಯ' ಎಂದು ಅವಳ ಬಾಯಿಂದ ಬಂದ ವಾಕ್ಯ ಯಾವ ಹುಡುಗಿಯದ್ದು ಎಂದು ನೀವು ಕೇಳಬೇಕಾಗಿಯೂ ಇಲ್ಲ.

ಪ್ರಶ್ನೆ: ಇಂಥ ಸಿನಿಮಾಗಳಲ್ಲಿ ನಮ್ಮ ಕಡೆಯವರು ಪ್ರೀತಿಸುವುದು ಯಾವಾಗಲೂ ಬಿಳಿಯರನ್ನೇ. ಯಾಕೆ? ನೋಡಿ ನೋಡಿ ಬೇಜಾರಾಗಿದೆ.
(ಪತ್ರಿಕೋದ್ಯಮ ವಿದ್ಯಾರ್ಥಿನಿ, ಮೈಸೂರು)

ಉತ್ತರ: ನಿಮ್ಮ ಬೇಜಾರು ನ್ಯಾಯವೇ. ಹಣ ಹಾಕುವವರು, ಟಿಕೆಟ್ ಕೊಳ್ಳುವವರು ಜಾಸ್ತಿ ಯಾರಿದ್ದರೋ ಅವರ ಮುಖ ಪರದೆಯ ಮೇಲೆ ಜಾಸ್ತಿ ಬರುತ್ತದೆ. ಆದರೆ 1991ರಲ್ಲೇ ಮೀರಾ ನಾಯರ್ ಬೇರೆ ಸಿನಿಮಾ ಮಾಡಿದ್ದರು. ಅದೇ 'ಮಿಸಿಸಿಪ್ಪಿ ಮಸಾಲಾ'.

1972ರ ಆಗಸ್ಟ್‌ನಲ್ಲಿ ಉಗಾಂಡಾದ ಇದಿ ಅಮೀನ್, ಏಷ್ಯಾದವರೆಲ್ಲ 90 ದಿನದಲ್ಲಿ ದೇಶ ಬಿಡಬೇಕು ಎಂದು ಆಜ್ಞೆ ಹೊರಡಿಸಿದ. ಬಹಳಷ್ಟು ಜನ ಗುಜರಾತಿ ಮೂಲದವರು. ಅಂಗಡಿ, ಮನೆ, ಬ್ಯಾಂಕಿನ ಹಣ ಎಲ್ಲ ಬಿಟ್ಟು ಹೊರಟರು. ಸುಮಾರು 27 ಸಾವಿರ ಜನ ಬ್ರಿಟನ್‌ಗೆ ಹೋದರು. ಉಳಿದವರು ಕೆನಡಾ, ಭಾರತ, ಅಮೆರಿಕಾ ಎಂದು ಚದುರಿದರು. ಸಿನಿಮಾದ ನಾಯಕಿ ಮೀನಾಳ ಮನೆಯವರು ಅವರಲ್ಲೊಬ್ಬರು. ಕಂಪಾಲಾದಲ್ಲಿ ವಕೀಲರಾಗಿದ್ದ ಅಪ್ಪ ಜಯ್, ಮಿಸಿಸಿಪ್ಪಿ ರಾಜ್ಯದ ಗ್ರೀನ್‌ವುಡ್ ಎನ್ನುವ ಊರಿನಲ್ಲಿ ನೆಂಟರ ಮೋಟೆಲಿನಲ್ಲಿ ದಿನ ದೂಡುತ್ತಿದ್ದಾರೆ. ಅಮ್ಮ ಕಿನ್ನು ಮದ್ಯದಂಗಡಿ ನಡೆಸುತ್ತಾಳೆ. ರೋಷನ್ ಸೇಠ್, ಶರ್ಮಿಳಾ ಟ್ಯಾಗೋರ್ ಈ ಪಾತ್ರಗಳಲ್ಲಿದ್ದಾರೆ. ಮೀನಾಳಿಗೆ ಡಿಮಿಟ್ರಿಯಸ್ ಎನ್ನುವ ಕಪ್ಪು ಹುಡುಗ ಇಷ್ಟವಾಗುತ್ತಾನೆ. ಡೆಂಜೆಲ್ ವಾಷಿಂಗ್ಟನ್ ಆ ಪಾತ್ರ ಮಾಡಿದ್ದಾರೆ. ಕಾರ್ಪೆಟ್ ತೊಳೆಯುವ ಸಣ್ಣ ವ್ಯವಹಾರ ಅವನದ್ದು, ಬ್ಯಾಂಕಿನ ಸಾಲ ಬೇರೆ.

ಸಂಬಂಧ ಬಯಲಾದ ಮೇಲೆ ಏನಾಗುತ್ತದೆ ನೋಡಿ. ಭಾರತೀಯರ ಮೋಟೆಲುಗಳು ಅವನಿಗೆ ಕೆಲಸ ಕೊಡುವುದನ್ನು ನಿಲ್ಲಿಸುತ್ತವೆ. ಬ್ಯಾಂಕಿನವರು ಸಾಲ ತೀರಿಸು ಎಂದು ಪಟ್ಟು ಹಿಡಿಯುತ್ತಾರೆ. ಇಬ್ಬರು ಪ್ರೀತಿಸಿದ್ದಕ್ಕೆ ಒಬ್ಬನ ಹೊಟ್ಟೆಪಾಡು ಹೋಗುತ್ತದೆ. ಬಣ್ಣದ ಬಗ್ಗೆ ನಮ್ಮವರು ಅಡುಗೆಮನೆಯಲ್ಲಿ ಆಡುವ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದನ್ನು ಇಷ್ಟು ನೇರವಾಗಿ ತೋರಿಸಿದ ಇನ್ನೊಂದು ಸಿನಿಮಾ ನಾನು ನೋಡಿಲ್ಲ. ಎಡಿಸನ್‌ನ ಓಕ್ ಟ್ರೀ ರೋಡಿನಲ್ಲಿ ದೀಪಾವಳಿಗೆ ಸಿಹಿ ಕೊಳ್ಳುತ್ತ ನಿಂತಾಗ, 'ಯಾರನ್ನಾದರೂ ಕರಕೊಂಡು ಬರಲಿ, ಕರಿಯನನ್ನು ಮಾತ್ರ ಬೇಡ' ಎಂದು ಮಗಳ ಬಗ್ಗೆ ಹೇಳುವ ತಾಯಂದಿರನ್ನು ನಾನು ಕೇಳಿದ್ದೇನೆ. ಸುಮ್ಮನಿದ್ದೆ. ಆ ಸುಮ್ಮನಿದ್ದದ್ದು ಇವತ್ತಿಗೂ ನನಗೆ ನೋವು ಕೊಡುತ್ತದೆ.

ಒಂದು ಸಣ್ಣ ಮಾಹಿತಿ. ಈ ಸಿನಿಮಾದ ಕೆಲಸಕ್ಕೆ ಉಗಾಂಡಾಕ್ಕೆ ಹೋದಾಗಲೇ ಮೀರಾ ನಾಯರ್ ಅವರಿಗೆ ಪ್ರಾಧ್ಯಾಪಕ ಮಹಮೂದ್ ಮಮ್ದಾನಿ ಪರಿಚಯವಾದದ್ದು. ಅವರೂ 1972ರಲ್ಲಿ ಅಲ್ಲಿಂದ ಹೊರದಬ್ಬಿಸಿಕೊಂಡವರು. ಇಬ್ಬರೂ ಮದುವೆಯಾದರು. 1991ರಲ್ಲಿ ಕಂಪಾಲಾದಲ್ಲಿ ಹುಟ್ಟಿದ ಅವರ ಮಗ ಜೊಹ್ರಾನ್ 2025ರಲ್ಲಿ ನ್ಯೂಯಾರ್ಕ್ ನಗರದ ಮೇಯರ್ ಆಗಿ ಆಯ್ಕೆಯಾದರು.

ಬಿಳಿಯರು ಎಂದು ನಾವು ಒಟ್ಟಾರೆ ಹೇಳಿಬಿಡುತ್ತೇವೆ. ಅವರೊಳಗೂ ಗೋಡೆಗಳಿದ್ದವು. 'ಬ್ರೂಕ್ಲಿನ್' ನೋಡಿ, 2015ರದ್ದು. 1950ರ ದಶಕದಲ್ಲಿ ಐರ್ಲೆಂಡಿನ ಎನಿಸ್ಕಾರ್ಥಿ ಎನ್ನುವ ಪುಟ್ಟ ಪಟ್ಟಣದಿಂದ ಏಲಿಶ್ ಎನ್ನುವ ಹುಡುಗಿ ಒಬ್ಬಳೇ ಹಡಗು ಹತ್ತಿ ನ್ಯೂಯಾರ್ಕಿಗೆ ಬರುತ್ತಾಳೆ. ಇಟಲಿ ಮೂಲದ ಪ್ಲಂಬರ್ ಟೋನಿ ಅವಳನ್ನು ಮನೆಗೆ ಊಟಕ್ಕೆ ಕರೆಯುತ್ತಾನೆ. ಸ್ಪಗೆಟ್ಟಿ ತಿಂದು ಗೊತ್ತಿಲ್ಲದ ಅವಳಿಗೆ ಹಾಸ್ಟೆಲಿನ ಗೆಳತಿಯರು ಅದನ್ನು ಫೋರ್ಕಿಗೆ ಸುತ್ತುವುದು ಹೇಗೆಂದು ಹಿಂದಿನ ದಿನ ಅಭ್ಯಾಸ ಮಾಡಿಸುತ್ತಾರೆ. ಇಷ್ಟೆಲ್ಲ ತಯಾರಾಗಿ ಹೋದರೆ, ಟೋನಿಯ ಎಂಟು ವರ್ಷದ ತಮ್ಮ ಊಟದ ಮೇಜಿನಲ್ಲೇ, ನಮಗೆ ಐರಿಶ್ ಜನ ಇಷ್ಟವಿಲ್ಲ ಎಂದುಬಿಡುತ್ತಾನೆ. ಮಗು ಅದನ್ನು ಎಲ್ಲಿ ಕಲಿತಿತು? ಅದೇ ಮೇಜಿನ ಸುತ್ತ ಕೂತ ದೊಡ್ಡವರಿಂದ. ನಮ್ಮ ಮನೆಗಳಲ್ಲಿ ನಾನು ಕಂಡದ್ದೂ ಇದನ್ನೇ.

ಪ್ರಶ್ನೆ: 'ಪಾಸ್ಟ್ ಲೈವ್ಸ್' ಬಗ್ಗೆ ಎಲ್ಲರೂ ಹೇಳುತ್ತಾರೆ. ನನಗೆ ನಿಧಾನ ಅನ್ನಿಸಿತು. ಏನು ತಪ್ಪಿಸಿಕೊಂಡೆ?
(ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ)

ಉತ್ತರ: ನಿಧಾನ ಹೌದು. ಎರಡು ಕಡೆ ಮಾತ್ರ ಮತ್ತೆ ನೋಡಿ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ 12 ವರ್ಷದ ಹುಡುಗ, ಹುಡುಗಿ ಸ್ಕೂಲಿನಿಂದ ಬರುತ್ತಿದ್ದಾರೆ. ಹುಡುಗಿಯ ಮನೆಯವರು ಕೆನಡಾಕ್ಕೆ ಹೊರಟಿದ್ದಾರೆ. ದಾರಿ ಕವಲೊಡೆಯುವ ಕಡೆ ಅವಳು ಮೆಟ್ಟಿಲು ಹತ್ತಿ ಹೋಗುತ್ತಾಳೆ, ಅವನು ಸಮತಟ್ಟಾದ ಓಣಿಯಲ್ಲಿ ಹೋಗುತ್ತಾನೆ. ಪರದೆಯ ಒಂದೇ ಚೌಕಟ್ಟಿನಲ್ಲಿ ಇಬ್ಬರೂ ಕಾಣುತ್ತಾರೆ. ಎರಡನೆಯದು, ದೊಡ್ಡವಳಾಗಿ ನ್ಯೂಯಾರ್ಕಿನಲ್ಲಿ ಮದುವೆಯಾದ ಅವಳಿಗೆ ಗಂಡ ಹಾಸಿಗೆಯಲ್ಲಿ ಹೇಳುವ ಮಾತು. ನೀನು ನಿದ್ದೆಯಲ್ಲಿ ಮಾತಾಡುವುದು ಕೊರಿಯನ್ ಭಾಷೆಯಲ್ಲೇ, ನಿನ್ನೊಳಗೆ ನಾನು ಹೋಗಲಾಗದ ಒಂದು ಜಾಗ ಇದೆ ಎನ್ನುವ ಅರ್ಥದ ಮಾತು. ನಿರ್ದೇಶಕಿ ಸೆಲಿನ್ ಸಾಂಗ್ ಅವರೂ 12ನೇ ವಯಸ್ಸಿನಲ್ಲಿ ಕೊರಿಯಾದಿಂದ ಕೆನಡಾಕ್ಕೆ ಹೋದವರು. 2023ರ ಈ ಸಿನಿಮಾ ಅವರ ಮೊದಲನೆಯದು. ರಾತ್ರಿ ಮನೆ ಮಂದಿಯೆಲ್ಲ ಮಲಗಿದ ಮೇಲೆ ಒಬ್ಬರೇ ಕೂತು ನೋಡಿ. ಹಗಲಲ್ಲಿ, ಫೋನ್ ಕೈಯಲ್ಲಿ ಹಿಡಿದು ನೋಡುವ ಸಿನಿಮಾ ಅಲ್ಲ ಇದು.

ಪ್ರಶ್ನೆ: ನಾನು ಇಂಗ್ಲೆಂಡಿನಲ್ಲಿ 19 ವರ್ಷದಿಂದ ಇದ್ದೇನೆ. ಮೂಲ ತುಮಕೂರು. ನನಗೆ ಈ ಸಿನಿಮಾಗಳ ಮೇಲೆ ಕೋಪವಿದೆ. ಎಲ್ಲದರಲ್ಲೂ ಅಪ್ಪ ಅಂದರೆ ಒಬ್ಬ ಅಡ್ಡಗಾಲು. ಮಗಳು ಇತ್ತೀಚೆಗೆ ನನ್ನನ್ನು ನೋಡುವ ರೀತಿಯೂ ಹಾಗೇ ಆಗಿದೆ. ನಾವು ರಾತ್ರಿ ಪಾಳಿ ಮಾಡಿ ಸಾಕಿದ್ದು ಯಾರ ಕಣ್ಣಿಗೂ ಕಾಣಲ್ವಾ?
(ಒಬ್ಬ ತಂದೆ)

ಉತ್ತರ: ಅಣ್ಣಾ, ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ನಮ್ಮ ಯಜಮಾನರಿಗೂ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ನಿಜವಾಗಿಯೂ ಅಡ್ಡಗಾಲಾದ ಅಪ್ಪನೂ ಪರದೆಯ ಮೇಲೆ ಇದ್ದಾನೆ. 1999ರ 'ಈಸ್ಟ್ ಈಸ್ ಈಸ್ಟ್' ಚಿತ್ರದಲ್ಲಿ ಓಂ ಪುರಿ ಮಾಡಿದ, ಪಾಕಿಸ್ತಾನದಿಂದ ಬಂದ ಜಾರ್ಜ್ ಖಾನ್. 1971ರಲ್ಲಿ ಇಂಗ್ಲೆಂಡಿನ ಸಾಲ್ಫರ್ಡ್ ಊರು, ಮೀನು ಮತ್ತು ಚಿಪ್ಸ್ ಅಂಗಡಿ, ಇಂಗ್ಲಿಷ್ ಹೆಂಡತಿ, ಏಳು ಮಕ್ಕಳು. ಟಿವಿಯಲ್ಲಿ ಭಾರತ, ಪಾಕಿಸ್ತಾನ ಯುದ್ಧದ ಸುದ್ದಿ. ಹುಡುಗರಿಗೆ ಹೇಳದೆ ಕೇಳದೆ ಮದುವೆ ಗೊತ್ತು ಮಾಡುತ್ತಾನೆ. ಎದುರಾಡಿದರೆ ಕೈ ಎತ್ತುತ್ತಾನೆ. ಹೆಂಡತಿಯನ್ನೂ ಹೊಡೆಯುತ್ತಾನೆ. ಕಥೆ ಬರೆದ ಅಯೂಬ್ ಖಾನ್ ದಿನ್ ತಮ್ಮ ಮನೆಯಲ್ಲೇ ಕಂಡದ್ದನ್ನು ಬರೆದರು. ಹೊಡೆತಕ್ಕೆ ನಾನು ಯಾವ ಸಮಜಾಯಿಷಿಯನ್ನೂ ಕೊಡುವುದಿಲ್ಲ. ನೀವು ಅಂಥವರಲ್ಲ ಎಂದು ನಿಮ್ಮ ಪತ್ರವೇ ಹೇಳುತ್ತದೆ.

ಆದರೆ ಉಳಿದ ಮೂರು ಅಪ್ಪಂದಿರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ನೋಡಿ. ನನಗೆ ಅದು ಹೊಳೆಯಲು ವರ್ಷಗಳೇ ಬೇಕಾದವು.

ಜೆಸ್‌ಳ ಅಪ್ಪ, ಅನುಪಮ್ ಖೇರ್ ಮಾಡಿದ ಪಾತ್ರ. ನೈರೋಬಿಯಲ್ಲಿ ಓದುವಾಗ ಒಳ್ಳೆಯ ಫಾಸ್ಟ್ ಬೌಲರ್. ಇಂಗ್ಲೆಂಡಿಗೆ ಬಂದಾಗ ಕ್ಲಬ್ಬಿನವರು ಪೇಟ ನೋಡಿ ನಕ್ಕು ಹೊರಗೆ ಕಳಿಸಿದರು. ಅವತ್ತಿನಿಂದ ಚೆಂಡು ಮುಟ್ಟಲಿಲ್ಲ. ಮಗಳು ಆಟ ಆಡಬಾರದು ಎನ್ನುವುದರ ಹಿಂದೆ ಇದ್ದದ್ದು ಇದು. ಮೀನಾಳ ಅಪ್ಪ ಜಯ್. ಕಂಪಾಲಾದಲ್ಲಿ ಅವರ ಜೀವದ ಗೆಳೆಯ ಒಕೆಲೊ ಕಪ್ಪು ಜನಾಂಗದವನು. ಆಫ್ರಿಕಾ ಆಫ್ರಿಕನ್ನರಿಗೆ, ಕಪ್ಪು ಆಫ್ರಿಕನ್ನರಿಗೆ ಎಂದು ಅವನ ಬಾಯಿಂದಲೇ ಕೇಳಬೇಕಾಯಿತು. ಆ ಗಾಯ ಹೊತ್ತು ಮಿಸಿಸಿಪ್ಪಿಗೆ ಬಂದವರಿಗೆ ಡಿಮಿಟ್ರಿಯಸ್ ಬರೀ ಡಿಮಿಟ್ರಿಯಸ್ ಆಗಿ ಕಾಣುವುದಿಲ್ಲ. ಗೋಗೋಲ್‌ನ ಅಪ್ಪ ಅಶೋಕ್. ಹುಡುಗನಾಗಿದ್ದಾಗ ರೈಲು ಅಪಘಾತದಲ್ಲಿ ಸಾಯಬೇಕಾಗಿತ್ತು. ಕೈಯಲ್ಲಿದ್ದ, ರಷ್ಯಾದ ಲೇಖಕ ಗೋಗೋಲ್ ಬರೆದ ಪುಸ್ತಕದ ಹಾಳೆಯೇ ರಕ್ಷಣೆಗೆ ಬಂದವರ ಕಣ್ಣಿಗೆ ಬಿತ್ತು. ಮಗನಿಗೆ ಆ ಹೆಸರು ಯಾಕಿಟ್ಟೆ ಎಂದು ಎಷ್ಟೋ ವರ್ಷ ಹೇಳಲಿಲ್ಲ. ಮಗ ಆ ಹೆಸರಿಗೆ ನಾಚಿ ಬದಲಾಯಿಸಿಕೊಂಡ. ಆಮೇಲೊಂದು ದಿನ ನಿಲ್ಲಿಸಿದ ಕಾರಿನಲ್ಲಿ ಕೂತು ಹೇಳುತ್ತಾರೆ.

ಮೂರೂ ಕಡೆ ಮಕ್ಕಳು ಜಗಳವಾಡುತ್ತಿರುವುದು ಅಪ್ಪನ ಜೊತೆ ಎಂದುಕೊಂಡಿದ್ದಾರೆ. ಅವರು ಜಗಳವಾಡುತ್ತಿರುವುದು ಅಪ್ಪ ಹೇಳದೆ ಇಟ್ಟುಕೊಂಡ ಒಂದು ಘಟನೆಯ ಜೊತೆ. ಘಟನೆ ಏನೆಂದು ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಅವರು ಹೇಗೆ ಉತ್ತರ ಕೊಟ್ಟಾರು?

ನಮ್ಮ ಮನೆಯದ್ದನ್ನು ಬರೆಯಲು ಇವರು ಒಪ್ಪಿದ್ದಾರೆ. 2001ರ ಕೊನೆಯಲ್ಲಿ ಇವರ ಕೆಲಸ ಹೋಯಿತು. ಸಾಫ್ಟ್‌ವೇರಿನಲ್ಲಿ ಆಗ ಬಹಳ ಜನರದ್ದು ಹೋಯಿತು. ಮಗಳಿಗೆ 11. ಅವಳಿಗೆ ಹೇಳುವುದು ಬೇಡ ಎಂದರು. ನಾಲ್ಕು ತಿಂಗಳು, ದಿನಾ ಬೆಳಿಗ್ಗೆ ಏಳೂವರೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನಾನು ಕಟ್ಟಿಕೊಟ್ಟ ಮೊಸರನ್ನದ ಡಬ್ಬಿ ತಗೊಂಡು ಹೊರಡುತ್ತಿದ್ದರು. ಹೋಗುತ್ತಿದ್ದುದು ಊರಿನ ಲೈಬ್ರರಿಗೆ. ಅಲ್ಲಿ ಕೂತು ಅರ್ಜಿ ಹಾಕುವುದು. ಡಬ್ಬಿ ಒಳಗೆ ತೆರೆಯುವಂತಿರಲಿಲ್ಲ, ಹಾಗಾಗಿ ಮಧ್ಯಾಹ್ನ ಕಾರಿನಲ್ಲಿ, ಹೀಟರ್ ಹಾಕದೆ ಊಟ ಮಾಡುತ್ತಿದ್ದರು. ಪೆಟ್ರೋಲ್ ಉಳಿಸಲು. ಸಂಜೆ ಮಗಳು ಬಾಗಿಲು ತೆಗೆದು 'ಆಫೀಸ್ ಹೇಗಿತ್ತಪ್ಪಾ' ಅಂದರೆ 'ಚೆನ್ನಾಗಿತ್ತು ಪುಟ್ಟಾ' ಎನ್ನುತ್ತಿದ್ದರು.

ಆರು ವರ್ಷದ ನಂತರ ಅವಳಿಗೆ ಒಬ್ಬ ಹುಡುಗ ಇಷ್ಟವಾದ. ಇಟಲಿ ಮೂಲದ ಮನೆ. ತಂದೆಯ ಜೊತೆ ಛಾವಣಿ ರಿಪೇರಿ ಕೆಲಸಕ್ಕೆ ಹೋಗುತ್ತಿದ್ದ, ಕಾಲೇಜಿಗೆ ಹೋಗುವ ಮನಸ್ಸಿರಲಿಲ್ಲ. ಇವರು ಸಿಡಿದೆದ್ದರು. 'ನಾಳೆ ಕೆಲಸವಿಲ್ಲ ಅಂದರೆ ಏನು ಮಾಡುತ್ತಾನೆ?' ಎಂದು ಕೂಗಿದರು. ಅಪ್ಪನಿಗೆ ಕೈಕೆಲಸದವರೆಂದರೆ ಕೀಳು, ನಮ್ಮ ಜಾತಿ ಅಲ್ಲ ಅಂತ ಕೋಪ ಎಂದು ಮಗಳು ತೀರ್ಮಾನಿಸಿದಳು. ಆ ಕೂಗಿನಲ್ಲಿ ಜಾತಿಯೂ ಸ್ವಲ್ಪ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಜಾಸ್ತಿ ಇದ್ದದ್ದು ಆ ತಣ್ಣನೆಯ ಕಾರು.

ಅವತ್ತು 'ದಿ ನೇಮ್‌ಸೇಕ್' ನೋಡಿ ಬಂದ ರಾತ್ರಿ ನಾನು ಇವರಿಗೆ ಹೇಳಿದೆ, ಅವಳಿಗೆ ಲೈಬ್ರರಿ ವಿಷಯ ಹೇಳಿ ಎಂದು. ಎರಡು ದಿನ ತಗೊಂಡರು. ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ, ಅವಳು ದೋಸೆ ತಿನ್ನುತ್ತಿದ್ದಾಗ, ಬೆನ್ನು ತಿರುಗಿಸಿ ಕಾವಲಿ ನೋಡುತ್ತಲೇ ಹೇಳಿದರು. ಅವಳು ದೋಸೆ ಬಿಟ್ಟು ಎದ್ದು ಬಂದು ಹಿಂದಿನಿಂದ ತಬ್ಬಿಕೊಂಡಳು. ದೋಸೆ ಸೀದು ಹೋಯಿತು. ಇವರು ಆ ಹುಡುಗನನ್ನು ಮುಂದಿನ ವಾರ ಮನೆಗೆ ಕರೆದರು. ನಮ್ಮ ಸೋರುವ ಗ್ಯಾರೇಜ್ ಛಾವಣಿಯನ್ನು ಅವನು ಏಣಿ ಹಾಕಿ ಹತ್ತಿ ನೋಡಿದ. ಇವರು ಕೆಳಗೆ ಏಣಿ ಹಿಡಿದುಕೊಂಡಿದ್ದರು. ಮಗಳ, ಆ ಹುಡುಗನ ಸ್ನೇಹ ಮದುವೆಯ ತನಕ ಹೋಗಲಿಲ್ಲ, ಅವಳು ಕಾಲೇಜಿಗೆ ಹೋದ ಮೇಲೆ ತಾವೇ ದೂರವಾದರು. ಆದರೆ ಅವಳು ಅಪ್ಪನಿಂದ ದೂರವಾಗಲಿಲ್ಲ.

ನೀವು ರಾತ್ರಿ ಪಾಳಿ ಮಾಡಿದ್ದು ಯಾರಿಗೂ ಕಾಣಲಿಲ್ಲ ಎಂದಿರಿ. ಯಾವ ಪಾಳಿ, ಎಲ್ಲಿ, ಬಸ್ಸು ತಪ್ಪಿದ ರಾತ್ರಿ ಹೇಗೆ ಮನೆಗೆ ಬಂದಿರಿ, ಇದನ್ನೆಲ್ಲ ಮಗಳಿಗೆ ಹೇಳಿದ್ದೀರಾ? ಲೆಕ್ಕ ಒಪ್ಪಿಸುವ ಹಾಗೆ ಅಲ್ಲ. 'ನಿನಗೋಸ್ಕರ' ಎಂದು ಶುರು ಮಾಡಬೇಡಿ. ಬರೀ ಏನಾಯಿತು ಎಂದು ಹೇಳಿ. ಎದುರುಬದುರು ಕೂತು ಹೇಳಲು ಕಷ್ಟವಾದರೆ ಕಾರಿನಲ್ಲಿ ಹೇಳಿ. ಇಬ್ಬರೂ ರಸ್ತೆ ನೋಡುತ್ತಿದ್ದರೆ ಮಾತು ಸಲೀಸಾಗಿ ಬರುತ್ತದೆ.

ಪ್ರಶ್ನೆ: ನಮ್ಮ ಕನ್ನಡದಲ್ಲಿ ಇಂಥ ಸಿನಿಮಾ ಯಾಕಿಲ್ಲ? ಮಾಡಿದರೆ ಯಾವ ಕಥೆ ಮಾಡಬೇಕು?
(ಕಿರುಚಿತ್ರ ಮಾಡುವ ಹುಡುಗ, ಬೆಂಗಳೂರು)

ಉತ್ತರ: ನಾಗತಿಹಳ್ಳಿ ಚಂದ್ರಶೇಖರ್ ಅವರ 'ಅಮೆರಿಕಾ ಅಮೆರಿಕಾ' ನಮ್ಮವರೆಲ್ಲ ನೋಡಿದ್ದಾರೆ. ನ್ಯೂಜೆರ್ಸಿಯಲ್ಲಿ ನಾವು ಕ್ಯಾಸೆಟ್ ಸವೆಯುವ ತನಕ ನೋಡಿದೆವು. ಆದರೆ ಅದು ಇಲ್ಲಿ ಬೆಳೆದು ಅಲ್ಲಿಗೆ ಹೋದವರ ಕಥೆ. ನಾನು ಕಾಯುತ್ತಿರುವುದು ಅಲ್ಲಿ ಬೆಳೆದವರ ಕಥೆಗೆ. ಅದರಲ್ಲೂ ಒಂದು ಕಥೆ ನಮ್ಮವರದ್ದೇ.

ಅಪ್ಪನೋ ಅಮ್ಮನೋ ಎಚ್-1ಬಿ, ಅಂದರೆ ಕೆಲಸದ ವೀಸಾದಲ್ಲಿ ಅಮೆರಿಕಾಕ್ಕೆ ಹೋಗುತ್ತಾರೆ. ಮಗು ಎಚ್-4, ಅಂದರೆ ಅವರನ್ನು ಅವಲಂಬಿಸಿದ ವೀಸಾದಲ್ಲಿ. ಗ್ರೀನ್ ಕಾರ್ಡಿಗೆ, ಅಂದರೆ ಅಲ್ಲೇ ಕಾಯಂ ಆಗಿ ನೆಲೆಸುವ ಪರವಾನಗಿಗೆ, ಅರ್ಜಿ ಹಾಕುತ್ತಾರೆ. ಆದರೆ ವರ್ಷಕ್ಕೆ ಒಂದು ದೇಶದವರಿಗೆ ಒಟ್ಟು ಸಂಖ್ಯೆಯ ನೂರಕ್ಕೆ 7ರಷ್ಟು ಎನ್ನುವ ಮಿತಿ ಇದೆ. ಭಾರತದವರ ಸಾಲು ತುಂಬ ಉದ್ದ. ಮಗು ಮೂರನೇ ವರ್ಷಕ್ಕೆ ಹೋಗಿ, ಅಲ್ಲೇ ಸ್ಕೂಲು, ಅಲ್ಲೇ ಹೈಸ್ಕೂಲು, ಅಲ್ಲೇ ಕಾಲೇಜು. ಅಷ್ಟರಲ್ಲಿ ಗ್ರೀನ್ ಕಾರ್ಡ್ ಬರದೆ 21 ತುಂಬಿದರೆ ಎಚ್-4 ಮುಗಿಯುತ್ತದೆ. ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಿಕೊಳ್ಳಬೇಕು, ಇಲ್ಲವೇ ಬೇರೆ ದಾರಿ ಹುಡುಕಬೇಕು, ಇಲ್ಲವೇ ಬಿಟ್ಟು ಹೊರಡಬೇಕು. ನೆನಪೇ ಇಲ್ಲದ ಊರಿಗೆ. ನಮ್ಮ ಕನ್ನಡ ಕೂಟದಲ್ಲಿ, ಯುಗಾದಿಗೆ ಮಕ್ಕಳಿಂದ ವಚನ ಹಾಡಿಸುವಾಗ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ ಒಬ್ಬ ಹುಡುಗನಿಗೆ ಇದೇ ಆಯಿತು. ಅವನಿಗೆ ಒಬ್ಬ ಹುಡುಗಿ ಇದ್ದಳು. ಮದುವೆಯಾದರೆ ಕಾಗದ ಸಿಗುತ್ತದೆ ಎಂದು ಯಾರೋ ದೊಡ್ಡವರು ಸಲಹೆ ಕೊಟ್ಟರು. ಅವನು ಮದುವೆಯಾಗು ಎಂದು ಅವಳನ್ನು ಕೇಳಲೇ ಇಲ್ಲ. ಕಾಗದಕ್ಕೋಸ್ಕರ ಕೇಳಿದ ಅಂತ ಅವಳಿಗೆ ಒಂದು ದಿನವಾದರೂ ಅನ್ನಿಸಬಾರದು ಎಂದು ನನ್ನ ಮಗಳ ಹತ್ತಿರ ಹೇಳಿದನಂತೆ.

ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಅಪ್ಪ ಅಡ್ಡ ಬರುವುದಿಲ್ಲ, ಅಮ್ಮ ಅಳುವುದಿಲ್ಲ, ಹುಡುಗಿಯ ಮನೆಯವರೂ ಒಪ್ಪಿದ್ದಾರೆ. ಒಂದು ಹುಟ್ಟುಹಬ್ಬ ಹತ್ತಿರ ಬರುತ್ತಿದೆ, ಅಷ್ಟೆ. ನೀವು ಮಾಡುವುದಾದರೆ ಆ ಹುಟ್ಟುಹಬ್ಬದ ಹಿಂದಿನ ರಾತ್ರಿಯಿಂದ ಶುರು ಮಾಡಿ. ಬರೆದದ್ದನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಖಂಡಿತ ಓದುತ್ತೇನೆ. ವೀಸಾದ ಫಾರಂಗಳು ಹೇಗಿರುತ್ತವೆ, ಯುಗಾದಿಗೆ ಅಲ್ಲಿ ಬೇವಿನ ಎಲೆ ಎಲ್ಲಿಂದ ತರುತ್ತಿದ್ದೆವು, ಏನು ಬೇಕಾದರೂ ಕೇಳಿ.